ಎಬ್ಬಿಸುವ ಅಧಿಕಾರ ಯಾರದು?

ನಮ್ಮ ಪಟ್ಟಣಗಳ ಮಧ್ಯಮವರ್ಗದ ಮನೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ನಂದಾದೀಪ ಕಾಣಿಸಿಕೊಂಡಿದೆ. ದೇವರ ಮನೆಯ ನಂದಾದೀಪವಾದರೂ ಎಣ್ಣೆ ತೀರಿದರೆ ಆರುತ್ತದೆ. ಈ ದೀಪ ಆರುವುದಿಲ್ಲ. ನಡುಮನೆಯ ಮೂಲೆಯಲ್ಲಿ, ಮೇಜಿನ ಕೆಳಗೆ, ಗಣಕಯಂತ್ರದ ಪೆಟ್ಟಿಗೆಯ ಮೇಲೆ ಅದು ನೀಲಿಯಾಗಿ ಹಗಲಿರುಳೂ ಉರಿಯುತ್ತದೆ. ಮನೆಯವರು ಕಚೇರಿಗೆ ಹೋಗಿರುತ್ತಾರೆ, ಮದುವೆಗೆ ಹೋಗಿರುತ್ತಾರೆ, ತೀರ್ಥಯಾತ್ರೆಗೆ ಹೋಗಿರುತ್ತಾರೆ. ಪೆಟ್ಟಿಗೆಯೊಳಗಿನ ಫ್ಯಾನು ಮಾತ್ರ ಯಾರಿಗಾಗಿಯೋ ಗಾಳಿ ಬೀಸುತ್ತಲೇ ಇರುತ್ತದೆ. ಏಕೆ ಸ್ವಾಮಿ, ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: “ಊರಿಗೆ ಹೋದಾಗ ಒಂದು ಕಡತ ಬೇಕಾದೀತು. ಆರಿಸಿಬಿಟ್ಟರೆ ಅಲ್ಲಿಂದ ಹಚ್ಚುವುದು ಹೇಗೆ?”

ಪ್ರಶ್ನೆ ನ್ಯಾಯವಾದದ್ದೆ. ಆದರೆ ಅದಕ್ಕೆ ಉತ್ತರ 1995ರಲ್ಲಿಯೇ ದೊರೆತಿದೆ ಎಂಬುದನ್ನು ಎಷ್ಟು ಮಂದಿ ಬಲ್ಲರು? ದೂರದಲ್ಲಿ ಕುಳಿತು ಮನೆಯ ಯಂತ್ರವನ್ನು ಎಬ್ಬಿಸುವ ವಿದ್ಯೆ ಹುಟ್ಟಿ ಮೂವತ್ತು ವರ್ಷ ಕಳೆಯಿತು. ಆ ವಿದ್ಯೆ ನಮ್ಮ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲೇ ಹುದುಗಿದೆ. ನಾವು ಅದಕ್ಕೆ ಬೆಲೆಯನ್ನೂ ಕೊಟ್ಟಿದ್ದೇವೆ. ಆದರೂ ಅದು ನಮ್ಮ ಕೈಗೆ ಎಟಕದು. ಏಕೆ ಎಟಕದು, ಯಾರು ಎಟಕಗೊಡಲಿಲ್ಲ ಎಂಬುದೇ ಈ ಬರಹದ ವಿಷಯ. ನನ್ನ ವಾದ ಇಷ್ಟೆ: ಮನೆಯ ಯಂತ್ರ ಕೆಲಸವಿಲ್ಲದಾಗ ಮಲಗಬೇಕು, ಬೇಕಾದಾಗ ಏಳಬೇಕು, ಎಬ್ಬಿಸುವ ಅಧಿಕಾರ ಆ ಮನೆಯವರಲ್ಲಿರಬೇಕು, ಬೇರೆ ಯಾರಲ್ಲೂ ಇರಬಾರದು.

ಮೊದಲು ವಿದ್ಯೆಯ ಸ್ವರೂಪವನ್ನು ನೋಡೋಣ. ಕುಂಭಕರ್ಣನನ್ನು ಎಬ್ಬಿಸಲು ಭೇರಿ, ನಗಾರಿ, ಆನೆಗಳೆಲ್ಲ ಬೇಕಾದವು. ಈ ಯಂತ್ರಕ್ಕೆ ಬೇಕಾದದ್ದು ಕೇವಲ 102 ಬೈಟ್‌ಗಳ ಒಂದು ಸಂದೇಶ. ಎಎಂಡಿ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಗಳವರು 1995ರಲ್ಲಿ ಇದಕ್ಕೆ ‘ಮ್ಯಾಜಿಕ್ ಪ್ಯಾಕೆಟ್’ ಎಂದು ಹೆಸರಿಟ್ಟರು. 1997ರಲ್ಲಿ ಐಬಿಎಂ ಮತ್ತು ಇಂಟೆಲ್‌ನವರ ಒಕ್ಕೂಟ ‘ವೇಕ್ ಆನ್ ಲ್ಯಾನ್’ ಎಂದು ಬಳಕೆಗೆ ತಂದಿತು. ಹೆಸರಿನಲ್ಲಿ ಮಾಯೆ ಇದೆಯೇ ಹೊರತು ಕೆಲಸದಲ್ಲಿಲ್ಲ. ಪ್ರತಿಯೊಂದು ಜಾಲದ ಕಾರ್ಡಿಗೂ ಕಾರ್ಖಾನೆಯಲ್ಲಿಯೇ ಇಟ್ಟ 48 ಬಿಟ್‌ಗಳ, ಅಂದರೆ ಆರು ಬೈಟ್‌ಗಳ, ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಎಬ್ಬಿಸುವ ಸಂದೇಶದಲ್ಲಿ ಮೊದಲು ಎಲ್ಲ ಬಿಟ್‌ಗಳೂ ಒಂದೇ ಆದ ಆರು ಬೈಟ್‌ಗಳು ಬರುತ್ತವೆ. ಅನಂತರ ಆ ಯಂತ್ರದ ಮ್ಯಾಕ್ ವಿಳಾಸ ಹದಿನಾರು ಸಲ ಬರುತ್ತದೆ. ಆರು ಹದಿನಾರಲಿ ತೊಂಬತ್ತಾರು, ಅದಕ್ಕೆ ಆರು ಕೂಡಿ ನೂರ ಎರಡು. ಹಾಸಿಗೆಯ ಪಕ್ಕದಲ್ಲಿ ನಿಂತು ಹೆಸರು ಹಿಡಿದು ಹದಿನಾರು ಸಲ ಕರೆದಂತೆ.

ಯಂತ್ರ ಮಲಗಿರುವಾಗ ಕೇಳುವವರು ಯಾರು? ಗುಂಡಿ ಒತ್ತಿ ಆರಿಸಿದ ಮೇಲೂ ವಿದ್ಯುತ್ ಪೆಟ್ಟಿಗೆಯಿಂದ ಐದು ವೋಲ್ಟ್‌ನ ಒಂದು ಸಣ್ಣ ಧಾರೆ ಹರಿಯುತ್ತಲೇ ಇರುತ್ತದೆ. ಮಿದುಳು, ತಟ್ಟೆ, ಪರದೆ ಎಲ್ಲ ಮಲಗಿದ್ದರೂ ಜಾಲದ ಕಾರ್ಡು ಆ ಧಾರೆಯ ಬಲದಿಂದ ಒಂದು ಕಿವಿಯನ್ನು ತೆರೆದಿಟ್ಟುಕೊಂಡಿರುತ್ತದೆ. ತಂತಿಯಲ್ಲಿ ಹಾದುಹೋಗುವ ಯಾವ ಮಾತಿಗೂ ಅದು ಉತ್ತರ ಕೊಡದು. ತನ್ನ ಹೆಸರು ಹದಿನಾರು ಸಲ ಕೇಳಿಬಂದರೆ ಮಾತ್ರ ಮದರ್‌ಬೋರ್ಡನ್ನು ತಟ್ಟಿ ಎಬ್ಬಿಸುತ್ತದೆ. ಇಷ್ಟು ಸರಳವಾದ, ಇಷ್ಟು ಮಿತವ್ಯಯದ ಏರ್ಪಾಡು ನಮ್ಮ ಕಾಲದ ಯಂತ್ರವಿದ್ಯೆಯಲ್ಲಿ ಅಪರೂಪ.

ಮಿತವ್ಯಯದ ಮಾತು ಬಂದದ್ದರಿಂದ ಒಂದು ಲೆಕ್ಕ ಹಾಕೋಣ. ಸುಮ್ಮನೆ ಉರಿಯುತ್ತಿರುವ ಒಂದು ಮೇಜಿನ ಗಣಕಯಂತ್ರ 60 ವಾಟ್ ಎಳೆಯುತ್ತದೆಂದು ಹಿಡಿಯಿರಿ. ದಿನಕ್ಕೆ ನಾಲ್ಕು ಗಂಟೆ ಕೆಲಸ, ಉಳಿದ ಇಪ್ಪತ್ತು ಗಂಟೆ ಕಾಯುವಿಕೆ. ಕಾಯುವುದಕ್ಕೇ ದಿನಕ್ಕೆ 1.2 ಯೂನಿಟ್, ವರ್ಷಕ್ಕೆ 438 ಯೂನಿಟ್. ಅದೇ ಯಂತ್ರ ಮಲಗಿದ್ದು 2 ವಾಟ್ ಎಳೆದರೆ ವರ್ಷಕ್ಕೆ ಹದಿನೈದು ಯೂನಿಟ್ಟೂ ತುಂಬುವುದಿಲ್ಲ. “ಒಂದು ಮನೆಗೆ ಇದೇನು ಮಹಾ?” ಎಂದು ಕೇಳುವ ಧಾರಾಳಿಗಳಿದ್ದಾರೆ. ಅವರು ಖಾಲಿ ಕೋಣೆಯಲ್ಲಿ ಹಳೆಯ ಮಾದರಿಯ ಸೀಲಿಂಗ್ ಫ್ಯಾನು ತಿರುಗುತ್ತಿರುವುದನ್ನು ಕಂಡರೆ ಮಕ್ಕಳನ್ನು ಗದರಿಸದೆ ಬಿಡುವರೆ? ಫ್ಯಾನಿಗೆ ಒಂದು ನ್ಯಾಯ, ಗಣಕಯಂತ್ರಕ್ಕೆ ಇನ್ನೊಂದು ನ್ಯಾಯ ಏಕೆ? ಫ್ಯಾನಿನ ಗುಂಡಿ ನಮ್ಮ ಕೈಗೆ ಎಟಕುತ್ತದೆ, ಇದರದು ಎಟಕುವುದಿಲ್ಲ ಎಂಬುದೇ ವ್ಯತ್ಯಾಸ. ಹಾಗಾದರೆ ಗುಂಡಿಯನ್ನು ದೂರ ಇಟ್ಟವರನ್ನು ವಿಚಾರಿಸಬೇಕಾಗುತ್ತದೆ.

ಮೊದಲನೆಯ ಆಪಾದಿತರು ಯಂತ್ರ ಮಾಡುವವರು ಮತ್ತು ಅದರೊಳಗಿನ ಕ್ರಮವಿಧಿ ಬರೆಯುವವರು. ಮದರ್‌ಬೋರ್ಡಿನ ಬಯಾಸ್ ಎಂಬ ಕತ್ತಲಕೋಣೆಯಲ್ಲಿ ಈ ಅನುಕೂಲಕ್ಕೆ ಒಬ್ಬ ತಯಾರಕ ‘ವೇಕ್ ಆನ್ ಲ್ಯಾನ್’ ಎನ್ನುತ್ತಾನೆ, ಇನ್ನೊಬ್ಬ ‘ರೆಸ್ಯೂಮ್ ಬೈ ಲ್ಯಾನ್’ ಎನ್ನುತ್ತಾನೆ, ಮತ್ತೊಬ್ಬ ‘ಪವರ್ ಆನ್ ಬೈ ಪಿಸಿಐ’ ಎನ್ನುತ್ತಾನೆ. ಮೂರೂ ಒಂದೇ ಎಂದು ಗೃಹಸ್ಥನಿಗೆ ತಿಳಿಯುವ ಬಗೆ ಹೇಗೆ? ಪಕ್ಕದಲ್ಲೇ ‘ಇಆರ್‌ಪಿ’ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಮಲಗಿದಾಗ ಹರಿಯುವ ಸಣ್ಣ ಧಾರೆಯೇ ನಿಂತು ಯಂತ್ರಕ್ಕೆ ಕಿವಿ ಇಲ್ಲದಂತಾಗುತ್ತದೆ. ಇದನ್ನು ಐರೋಪ್ಯ ಒಕ್ಕೂಟದ ವಿದ್ಯುತ್ ಮಿತವ್ಯಯದ ನಿಯಮಕ್ಕಾಗಿ ಇಟ್ಟದ್ದೆಂದು ಸಮಜಾಯಿಷಿ ಕೊಡುತ್ತಾರೆ. ಆದರೆ ಅದೇ ಒಕ್ಕೂಟ 2013ರಲ್ಲಿ ಗಣಕಯಂತ್ರಗಳಿಗೆಂದೇ ಮಾಡಿದ ನಿಯಮದಲ್ಲಿ, ಎಬ್ಬಿಸುವ ಅನುಕೂಲವುಳ್ಳ ಯಂತ್ರಕ್ಕೆ 0.7 ವಾಟ್ ಹೆಚ್ಚುವರಿಯಾಗಿ ಬಳಸಲು ಅವಕಾಶ ಕೊಟ್ಟಿದೆ. ಕಾನೂನು ಬಾಗಿಲು ತೆರೆದಿಟ್ಟರೂ ತಯಾರಕರು ಅದನ್ನು ಜನಕ್ಕೆ ತೋರಿಸಲಿಲ್ಲ.

2012ರಲ್ಲಿ ವಿಂಡೋಸ್ 8 ಬಂದಾಗ ‘ಫಾಸ್ಟ್ ಸ್ಟಾರ್ಟಪ್’ ಎಂಬ ಹೊಸ ಪದ್ಧತಿ ಬಂದಿತು. ಯಂತ್ರ ಬೇಗ ಏಳಲೆಂದು ಅದನ್ನು ಅರೆನಿದ್ರೆಯಲ್ಲಿ ಆರಿಸುವ ಉಪಾಯವಿದು. ಆ ಸ್ಥಿತಿಯಿಂದಾಗಲಿ ಪೂರ್ತಿ ಆರಿಸಿದ ಸ್ಥಿತಿಯಿಂದಾಗಲಿ ಜಾಲದ ಮೂಲಕ ಎಬ್ಬಿಸುವುದಕ್ಕೆ ತಮ್ಮ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್‌ನವರು ಹೇಳಿಬಿಟ್ಟರು. ನಿದ್ರಾಸ್ಥಿತಿಯಲ್ಲಿಟ್ಟರೆ ಎಬ್ಬಿಸಬಹುದು, ‘ಷಟ್ ಡೌನ್’ ಒತ್ತಿದರೆ ಎದ್ದೀತೆಂಬ ಭರವಸೆಯಿಲ್ಲ. ಈ ಭೇದವನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ತಿಳಿಸಿದ್ದರೆ ಲಕ್ಷಾಂತರ ಮಂದಿಯ ತಲೆನೋವು ತಪ್ಪುತ್ತಿತ್ತು. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಬಂದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಯಂತ್ರಗಳನ್ನು ಮೂವತ್ತು ವರ್ಷಗಳಿಂದ ಎಬ್ಬಿಸಬಹುದಾಗಿದೆ. ತಯಾರಕರನ್ನು ಮಾತ್ರ ಇನ್ನೂ ಎಬ್ಬಿಸಲಾಗಿಲ್ಲ.

ಎರಡನೆಯ ಆಪಾದಿತರು ಇಂಟರ್‌ನೆಟ್ ಸಂಪರ್ಕ ಒದಗಿಸುವವರು. ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಮಲಗಿದ ಯಂತ್ರಕ್ಕೆ ಜಾಲದಲ್ಲಿ ಮಾತನಾಡುವ ಶಕ್ತಿ ಇರುವುದಿಲ್ಲವಾದ್ದರಿಂದ ಎಬ್ಬಿಸುವ ಸಂದೇಶವನ್ನು ಮನೆಯ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗಬೇಕಾಗುತ್ತದೆ. ಹೊರಗಿನವರು ಹೀಗೆ ಒಳಗೆ ಕೂಗುವುದನ್ನು ರೂಟರ್‌ಗಳು ತಡೆಯುತ್ತವೆ. ಇದಕ್ಕೆ ಕಾರಣವಿದೆ. 1990ರ ದಶಕದ ಕೊನೆಯಲ್ಲಿ ‘ಸ್ಮರ್ಫ್’ ಎಂಬ ದಾಳಿಗಾರರು ಇಂಥ ಕೂಗನ್ನೇ ಬಳಸಿ, ಒಂದು ಮಾತಿಗೆ ನೂರು ಯಂತ್ರಗಳು ಉತ್ತರಿಸುವಂತೆ ಮಾಡಿ, ಮೂರನೆಯವನೊಬ್ಬನನ್ನು ಆ ಉತ್ತರಗಳ ಪ್ರವಾಹದಲ್ಲಿ ಮುಳುಗಿಸುತ್ತಿದ್ದರು. ಆದ್ದರಿಂದ 1999ರಲ್ಲಿ ಜಾಲದ ನಿಯಮವನ್ನೇ ಬದಲಿಸಿ, ರೂಟರ್‌ಗಳು ಹೊರಗಿನ ಕೂಗನ್ನು ಮೊದಲಿನಿಂದಲೇ ತಡೆದಿರಬೇಕೆಂದು ಗೊತ್ತುಮಾಡಿದರು. ಅದು ಸರಿಯಾದ ನಿರ್ಣಯ. ಬೀದಿಯಲ್ಲಿ ಹೋಗುವವನು ನಮ್ಮ ಮಲಗುವ ಕೋಣೆಗೆ ಕೇಳುವಂತೆ ಕೂಗುವುದು ಯಾರಿಗೂ ಬೇಕಾಗಿಲ್ಲ.

ಆದರೆ ಮನೆಯವರೇ ಬೀದಿಯಲ್ಲಿ ನಿಂತು ಬಾಗಿಲು ತಟ್ಟಿದರೆ? ಅಲ್ಲಿಯೇ ತೊಡಕು. ಹಳೆಯ ಐಪಿ ಪದ್ಧತಿಯಲ್ಲಿ ಜಗತ್ತಿಗೆಲ್ಲ ಇರುವುದು ಸುಮಾರು 430 ಕೋಟಿ ವಿಳಾಸಗಳು. ಕೇಂದ್ರ ಕಣಜದಲ್ಲಿದ್ದದ್ದು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಅನಂತರ ಒಂದು ವಿಳಾಸವನ್ನು ಹತ್ತಾರು, ನೂರಾರು ಮನೆಗಳಿಗೆ ಹಂಚುವ ರೂಢಿ ಬೆಳೆಯಿತು. ಇಡೀ ವಠಾರಕ್ಕೆ ಒಂದೇ ಬಾಗಿಲ ಸಂಖ್ಯೆ ಇದ್ದರೆ ಅಂಚೆಯವನು ಯಾರ ಮನೆಗೆ ಹೋಗಬೇಕು? ಒಳಗಿನಿಂದ ಹೊರಗೆ ಹೋಗುವ ಪತ್ರಕ್ಕೆ ಉತ್ತರ ಬರುತ್ತದೆ. ಹೊರಗಿನಿಂದ ತಾನಾಗಿ ಬರುವ ಪತ್ರ ಬಾಗಿಲಲ್ಲೇ ಸಾಯುತ್ತದೆ. ಹೊಸ ಐಪಿವಿ6 ಪದ್ಧತಿಯಲ್ಲಿ ವಿಳಾಸಗಳ ಬರವಿಲ್ಲ. ಆದರೆ ಅಲ್ಲಿಯೂ ಹೊರಗಿನವರನ್ನು ತಡೆಯುವ ಗೋಡೆಯ ಕೀಲಿಯನ್ನು ಎಲ್ಲ ಸಂಪರ್ಕದಾರರೂ ಗಿರಾಕಿಯ ಕೈಗೆ ಕೊಡುವುದಿಲ್ಲ.

ಇದರ ಪರಿಣಾಮವನ್ನು ನಾನು ಅನುಭವಿಸಿ ಬಲ್ಲೆ. ಮೂರು ದಶಕಗಳಿಂದ ಊರ ಹೆಸರುಗಳ ಬಗೆಗೆ ಟಿಪ್ಪಣಿಗಳನ್ನು ಕೂಡಿಹಾಕುತ್ತ ಬಂದವನು ನಾನು. ಹಳ್ಳಿಹಳ್ಳಿಯಲ್ಲಿ ಮುದುಕರನ್ನು ಕೇಳಿ ಬರೆದುಕೊಂಡದ್ದು. ಅವರಲ್ಲಿ ಬಹುಮಂದಿ ಈಗಿಲ್ಲ. ಅದೆಲ್ಲ ಬೆಂಗಳೂರಿನ ನನ್ನ ಮನೆಯ ಗಣಕಯಂತ್ರದಲ್ಲಿದೆ. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗಮುದ್ರೆ ಎಂದು ಸಾರಿದಾಗ ನಾನು ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದೆ. ಪ್ರಕಾಶಕರಿಗೆ ಕೊಡಬೇಕಾದ ಕೈಬರಹ ಅರ್ಧವಾಗಿತ್ತು; ಯಂತ್ರ ಬೆಂಗಳೂರಿನಲ್ಲಿ ಮಲಗಿತ್ತು. ಎಬ್ಬಿಸುವ ಆಯ್ಕೆಯನ್ನು ನಾನು ಮುಂಚೆಯೇ ಸಿದ್ಧಪಡಿಸಿಟ್ಟಿದ್ದೆ. ಮನೆಯೊಳಗಿನಿಂದ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಹೊರಗಿನಿಂದ ದಾರಿ ಕೊಡಿ ಎಂದು ಸಂಪರ್ಕ ಒದಗಿಸುವವರನ್ನು ಕೇಳಿಕೊಂಡರೆ, “ಸಾರ್, ಮನೆಯ ಸಂಪರ್ಕಕ್ಕೆ ಅದು ಬರುವುದಿಲ್ಲ, ವ್ಯಾಪಾರದ ಸಂಪರ್ಕ ತೆಗೆದುಕೊಳ್ಳಿ” ಎಂಬ ಉತ್ತರ ಬಂದಿತು. ನನ್ನ ಮನೆಯ ಬಾಗಿಲು ತೆರೆಯಲು ನಾನು ವ್ಯಾಪಾರಿಯಾಗಬೇಕಂತೆ!

ಕೊನೆಗೆ ಕೀಲಿ ಇಟ್ಟುಕೊಂಡಿದ್ದ ನೆರೆಮನೆಯವರು ಹೋಗಿ ಗುಂಡಿ ಒತ್ತಿದರು. ಮುಂದೆ ಒಬ್ಬ ಮಧ್ಯವರ್ತಿಯ ಸೇವೆಯ ಮೂಲಕ ಯಂತ್ರವನ್ನು ಮುಟ್ಟಿದೆ. ಆದರೆ ಕೆಲಸ ಮುಗಿದ ಮೇಲೆ ಅದನ್ನು ಮಲಗಿಸುವುದು ಸಾಧ್ಯವಿರಲಿಲ್ಲ. ಮಲಗಿಸಿದರೆ ನಾಳೆ ಎಬ್ಬಿಸುವವರಾರು? ನೆರೆಮನೆಯವರನ್ನು ದಿನವೂ ಕಳಿಸುವ ಕಾಲ ಅದಾಗಿರಲಿಲ್ಲ. ಎರಡು ತಿಂಗಳು ಅದು ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಉರಿಯಿತು. ಆ ಎರಡು ತಿಂಗಳಲ್ಲಿ ಗುಡುಗು ಬಂದರೆ ಶಿವಮೊಗ್ಗದಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೆಟ್ಟರೆ ಹಣ ಕೊಟ್ಟು ಇನ್ನೊಂದು ಯಂತ್ರ ತರಬಹುದು. ತೀರಿಕೊಂಡ ಮುದುಕರನ್ನು ತರಲಾಗದು.

“ಇದಕ್ಕೆಲ್ಲ ಏಕೆ ಒದ್ದಾಟ? ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ” ಎನ್ನುವ ಹಿತೈಷಿಗಳಿದ್ದಾರೆ. ನಾನು ಆ ಅನುಕೂಲದ ವೈರಿಯಲ್ಲ. ಒಂದು ಪ್ರತಿ ದೂರದಲ್ಲಿರುವುದು ಕ್ಷೇಮವೆಂದೇ ನನ್ನ ಅಭಿಪ್ರಾಯ. ಆದರೆ ಪ್ರತಿಯೊಂದನ್ನು ಬೇರೆ ಕಡೆ ಇಡುವುದು ಬೇರೆ, ಮನೆಯನ್ನೇ ಖಾಲಿಮಾಡಿ ಬಾಡಿಗೆಯ ಕೋಣೆಗೆ ಹೋಗುವುದು ಬೇರೆ. ಬಾಡಿಗೆ ತಿಂಗಳು ತಿಂಗಳು ಕೊಡಬೇಕು. ದರ ಏರಿಸುವವನು ಯಜಮಾನ. ನಿಯಮ ಬದಲಿಸುವವನೂ ಅವನೆ. ಸ್ವಂತ ಮನೆ ಕಟ್ಟಿಸಬೇಕೆಂದು ಅರ್ಧ ಆಯುಷ್ಯ ಸವೆಸುವ ನಮ್ಮ ಮಧ್ಯಮವರ್ಗ, ಸ್ವಂತ ಬರಹದ ವಿಷಯದಲ್ಲಿ ಇಷ್ಟು ಸುಲಭವಾಗಿ ಬಾಡಿಗೆದಾರನಾಗಲು ಒಪ್ಪುವುದು ನನಗೆ ಸೋಜಿಗ. ಜನ ಬಾಡಿಗೆಗೆ ಬರಬೇಕೆಂದು ಬಯಸುವ ಉದ್ಯಮಕ್ಕೆ, ಸ್ವಂತ ಮನೆಯ ಬಾಗಿಲು ತೆರೆಯಲು ಕಷ್ಟವಾಗಿರುವುದು ಲಾಭವೇ ಹೊರತು ನಷ್ಟವಲ್ಲ. ಸಂಚು ಎಂದು ನಾನು ಹೇಳುತ್ತಿಲ್ಲ. ಆದರೆ ಕಷ್ಟವನ್ನು ನೀಗಿಸುವ ಆತುರ ಅವರಿಗೇಕೆ ಇರಬೇಕು?

ಇನ್ನೊಂದು ವಾದ ಇದಕ್ಕಿಂತ ಗಂಭೀರವಾದದ್ದು. “ದೂರದಿಂದ ಎಬ್ಬಿಸುವುದು ಅಪಾಯ” ಎಂದು ಬಲ್ಲವರು ಹೇಳುತ್ತಾರೆ. ಈ ಮಾತಿನಲ್ಲಿ ನಿಜವಿದೆ. ಮ್ಯಾಜಿಕ್ ಪ್ಯಾಕೆಟ್‌ಗೆ ಗುಪ್ತಪದವಿಲ್ಲ. ಹೆಸರು ಬಲ್ಲ ಯಾರು ಕರೆದರೂ ಯಂತ್ರ ಏಳುತ್ತದೆ. ‘ಸೆಕ್ಯೂರ್‌ಆನ್’ ಎಂಬ ಆರು ಬೈಟ್‌ಗಳ ಗುಪ್ತಪದ ಕೆಲವು ಕಾರ್ಡುಗಳಲ್ಲಿದ್ದರೂ ಅದು ಮುಚ್ಚುಮರೆಯಿಲ್ಲದೆ ತಂತಿಯಲ್ಲಿ ಹೋಗುತ್ತದೆ. 2020ರ ಜನವರಿಯಲ್ಲಿ ‘ರ್‍ಯುಕ್’ ಎಂಬ ಸುಲಿಗೆಯ ಕ್ರಮವಿಧಿಯ ಸಮಾಚಾರ ಹೊರಬಿದ್ದಿತು. ಅದು ಒಂದು ಜಾಲದೊಳಗೆ ಹೊಕ್ಕ ಮೇಲೆ ಮಲಗಿದ್ದ ಯಂತ್ರಗಳನ್ನೂ ಇದೇ ಸಂದೇಶದಿಂದ ಎಬ್ಬಿಸಿ ಅವುಗಳ ಕಡತಗಳಿಗೆ ಬೀಗ ಜಡಿಯುತ್ತಿತ್ತು. 2017ರ ಮೇ ತಿಂಗಳಲ್ಲಿ, ಆರಿದ ಯಂತ್ರವನ್ನೂ ದೂರದಿಂದ ಆಳುವ ಇಂಟೆಲ್‌ನ ‘ಎಎಂಟಿ’ ಏರ್ಪಾಡಿನಲ್ಲಿ, ಗುಪ್ತಪದದ ಉತ್ತರವನ್ನು ಖಾಲಿ ಬಿಟ್ಟರೂ ಬಾಗಿಲು ತೆರೆಯುವಂಥ ಲೋಪ ಬಯಲಾಯಿತು.

ಆದರೆ ಇದರಿಂದ ಬರತಕ್ಕ ತೀರ್ಮಾನವೇನು? ಕಳ್ಳ ಕದ ತಟ್ಟಬಹುದೆಂದು ಮನೆಗೆ ಕದವೇ ಬೇಡವೆನ್ನೋಣವೆ? ಅಥವಾ ಕಳ್ಳನ ಭಯಕ್ಕೆ ಇಡೀ ರಾತ್ರಿ ದೀಪ ಹಚ್ಚಿ, ಕದ ತೆರೆದು ಕುಳಿತಿರೋಣವೆ? ಸದಾ ಎಚ್ಚರವಾಗಿರುವ ಯಂತ್ರ ಸದಾ ದಾಳಿಗೆ ತೆರೆದಿರುವ ಯಂತ್ರವೂ ಹೌದು. ದಿನಕ್ಕೆ ಇಪ್ಪತ್ತು ಗಂಟೆ ಮಲಗಿರುವ ಯಂತ್ರದ ಬಳಿ ಕಳ್ಳನಿಗೆ ಸಿಗುವ ಕಾಲಾವಕಾಶ ಕಡಮೆ. ಅಪಾಯವಿರುವುದು ಕೂಗನ್ನು ಬೀದಿಯಿಂದ ನೇರವಾಗಿ ಒಳಗೆ ಬಿಡುವುದರಲ್ಲಿ. ರೂಟರ್‌ನಲ್ಲಿ ರಂಧ್ರ ಕೊರೆದು ಸಂದೇಶವನ್ನು ಒಳಕ್ಕೆ ಹರಿಸಿರೆಂದು ಉಪದೇಶಿಸುವ ಅರೆಪಂಡಿತರೊಂದಿಗೆ ನಾನು ಖಂಡಿತ ಒಪ್ಪುವುದಿಲ್ಲ.

ಸರಿಯಾದ ದಾರಿ ನಮ್ಮ ಹಳೆಯ ಮನೆಗಳ ದಾರಿಯೆ. ಬೀದಿಯಿಂದ ಬಂದವನು ಮೊದಲು ಜಗಲಿಯ ಮೇಲಿರುವವನಿಗೆ ತನ್ನ ಗುರುತು ಹೇಳಬೇಕು. ಒಳಗೆ ಹೋಗಿ ಎಬ್ಬಿಸುವವನು ಜಗಲಿಯವನು. ಹೇಗೂ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಾಗಿರುವ ರೂಟರೇ ಆ ಜಗಲಿಯವನಾಗಬಹುದು. ಕೆಲವು ರೂಟರ್‌ಗಳಲ್ಲಿ ಆ ಅನುಕೂಲವಿದೆ. ಇಲ್ಲವಾದರೆ ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಯಂತ್ರವೊಂದು ಸಾಕು. ಅದು 4 ವಾಟ್ ಎಳೆದರೂ ವರ್ಷಕ್ಕೆ ಸುಮಾರು 35 ಯೂನಿಟ್, ಮಲಗಿದ ಯಂತ್ರದ ಹದಿನೈದನ್ನು ಕೂಡಿದರೆ 50, ಎದುರಿಗೆ 438. ಹೊರಗಿನಿಂದ ಅದರವರೆಗೆ ಬರಲು ಗೂಢಲಿಪಿಯ ಸುರಂಗಮಾರ್ಗ ಬೇಕು. ವೈರ್‌ಗಾರ್ಡ್ ಎಂಬ ಅಂಥದೊಂದು ಉಚಿತ ಸಾಧನ 2020ರ ಮಾರ್ಚ್‌ನಲ್ಲಿ ಲಿನಕ್ಸಿನ ತಿರುಳಿಗೇ ಸೇರಿತು. ವಿಳಾಸ ಹಂಚಿಕೊಂಡ ಸಂಪರ್ಕವಾದರೆ ಕಾವಲುಗಾರನೇ ಹೊರಗಿನ ಒಂದು ನಂಬಿಕೆಯ ಠಾವಿಗೆ ಕರೆ ಮಾಡಿ ದಾರಿಯನ್ನು ತೆರೆದಿಟ್ಟಿರಬಹುದು. ನಾನು ಈಗ ಹಾಗೆಯೇ ಮಾಡಿಕೊಂಡಿದ್ದೇನೆ. ರೂಟರಿಗೂ ಕಾವಲುಗಾರನಿಗೂ ಚಿಕ್ಕದೊಂದು ಯುಪಿಎಸ್ ಬೇಕು. ಬೆಂಗಳೂರಿನ ಮಳೆಗಾಲವನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಯಂತ್ರಗಳ ಕಿವಿ ತಾನಾಗಿ ತೆರೆಯುವುದಿಲ್ಲ. ಬಯಾಸಿನಲ್ಲಿ ಅದಕ್ಕೂ ಒಂದು ಆಯ್ಕೆ ಉಂಟು.

ಹಾಗಾದರೆ ದೂರೇನು, ನೀವೇ ಸಾಧಿಸಿದಿರಲ್ಲ, ಎನ್ನಬಹುದು. ದೂರು ಅದೇ. ಬಿಡುವಿರುವ ಒಬ್ಬ ಹಟವಾದಿ ವಾರಗಟ್ಟಲೆ ಕುಳಿತು ಸಾಧಿಸಬೇಕಾದದ್ದು ಅನುಕೂಲವೆನಿಸದು, ಅದು ಕಸರತ್ತು. ಶಾಲೆಯ ಮೇಷ್ಟರು, ಸಣ್ಣ ಲೆಕ್ಕಿಗರು, ಮನೆಯಲ್ಲೇ ಅನುವಾದ ಮಾಡುವ ಗೃಹಿಣಿ, ಹಬ್ಬಕ್ಕೆ ಊರಿಗೆ ಹೋದ ವಿದ್ಯಾರ್ಥಿ, ಇವರಿಗೆ ಅದು ಒಂದು ಗುಂಡಿಯಷ್ಟು ಸುಲಭವಾಗಬೇಕು. ಕಚೇರಿಗಳಿಗೆ ಅದು ಸುಲಭವಾಗಿಯೇ ಇದೆ. ರಾತ್ರಿ ನೂರಾರು ಯಂತ್ರಗಳನ್ನು ಎಬ್ಬಿಸಿ ದುರಸ್ತಿ ಮಾಡುವುದಕ್ಕೆಂದೇ ಇದನ್ನು ಬೆಳೆಸಿದರು. ದೊಡ್ಡವರ ಮನೆಗೆ ಬಂದ ನಲ್ಲಿ ನಮ್ಮ ಬೀದಿಗೆ ಬರಲು ಮೂವತ್ತು ವರ್ಷ ಸಾಲದೆ?

ಬೇಡಿಕೆಗಳು ಕೆಲವೇ. ಯಂತ್ರ ಮಾಡುವವರು ಈ ಆಯ್ಕೆಗೆ ಒಂದೇ ಹೆಸರಿಡಲಿ. ಆರಿಸುವಾಗಲೇ ‘ಮತ್ತೆ ದೂರದಿಂದ ಎಬ್ಬಿಸಬೇಕೆ?’ ಎಂದು ಪರದೆಯ ಮೇಲೆ ಕೇಳಲಿ. ಸಂಪರ್ಕ ಒದಗಿಸುವವರು ತಾವು ಕೊಡುವ ರೂಟರ್‌ನಲ್ಲಿಯೇ ಗುಪ್ತಪದದ ಕಾವಲುಳ್ಳ ಸುರಂಗಮಾರ್ಗವನ್ನೂ ಎಬ್ಬಿಸುವ ಗುಂಡಿಯನ್ನೂ ಇಡಲಿ. ಐಪಿವಿ6 ಗೋಡೆಯ ಕೀಲಿಯನ್ನು ಕೇಳಿದ ಗಿರಾಕಿಗೆ ವ್ಯಾಪಾರದ ಸಂಪರ್ಕದ ಮಾತೆತ್ತದೆ ಕೊಡಲಿ. ಓದುಗರಲ್ಲಿ ನನ್ನ ಬಿನ್ನಹ ಇನ್ನೂ ಸಣ್ಣದು: ಮುಂದಿನ ಸಲ ಯಂತ್ರವನ್ನೋ ರೂಟರನ್ನೋ ಕೊಳ್ಳುವಾಗ ಬಣ್ಣ, ವೇಗ, ಬೆಲೆಗಳನ್ನು ಕೇಳಿದ ಮೇಲೆ ಈ ಪ್ರಶ್ನೆಯನ್ನೂ ಕೇಳಿ. ಅಂಗಡಿಯವನು ಮೊದಲ ದಿನ ನಕ್ಕಾನು. ಹತ್ತನೆಯ ಗಿರಾಕಿಯೂ ಅದನ್ನೇ ಕೇಳಿದರೆ ಉತ್ತರ ಹುಡುಕಿಯಾನು. ಕೇಳದವನಿಗೆ ಯಾವ ಅಂಗಡಿಯೂ ತಾನಾಗಿ ಹಕ್ಕನ್ನು ಕಟ್ಟಿಕೊಟ್ಟದ್ದಿಲ್ಲ.